ಯಾವ ತಂಡದಲ್ಲಿ ಕೂಡುವುದು, ಯಾವುದನ್ನು ಬಿಡುವುದು: ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಾದ್ಯಗಾರರಿಗೊಂದು ಹೋಲಿಕೆ

ಕ್ಲಾರಿಯೋನೆಟ್, ಪೇಟಿ (ಹಾರ್ಮೋನಿಯಂ), ತಬಲಾ ಇಲ್ಲವೇ ಕೀಬೋರ್ಡನ್ನು ತಕ್ಕಮಟ್ಟಿಗೆ ನುಡಿಸಬಲ್ಲವನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಯಾವ ಊರಿನಲ್ಲಿದ್ದರೂ ಅವನನ್ನು ಒಂದೇ ತಂಡ ಕರೆಯುವುದಿಲ್ಲ. ಮದುವೆಯ ಬ್ಯಾಂಡಿನ ಮಾಲಕರು ಕರೆಯುತ್ತಾರೆ, ಓಣಿಯ ಭಜನಾ ಮಂಡಳಿಯ ಹಿರಿಯರು ಕರೆಯುತ್ತಾರೆ, ಜಾತ್ರೆಗಳಲ್ಲಿ ರಸಮಂಜರಿ ನಡೆಸುವ ಆರ್ಕೆಸ್ಟ್ರಾದವರು ಕರೆಯುತ್ತಾರೆ, ಗಣೇಶ ಚೌತಿ ಹತ್ತಿರ ಬಂದರೆ ಮೆರವಣಿಗೆಯಲ್ಲಿ ತಾಳ ಬಾರಿಸುವ ಝಾಂಜ್ ಪಥಕದ ಹುಡುಗರು ಮನೆಗೇ ಬಂದು ಕೂಡುತ್ತಾರೆ. ಎಲ್ಲರಿಗೂ ಹೂಂ ಎನ್ನುವುದು ಸುಲಭ. ಆ ಹೂಂ ಒಂದೇ ತಾರೀಖಿನ ಮೇಲೆ ಎರಡು ಸಲ ಬಿದ್ದಾಗ ಏಳುವ ಜಗಳ ಮಾತ್ರ ಸೀಜನ್ನು ಮುಗಿದ ಮೇಲೂ ಮುಗಿಯುವುದಿಲ್ಲ.

ಯಾವ ತಂಡ ಹೆಚ್ಚು, ಯಾವುದು ಕಡಿಮೆ ಎಂದು ತೂಗುವ ಬರಹ ಇದಲ್ಲ. ಒಬ್ಬ ವಾದ್ಯಗಾರ ಎರಡು ತಂಡಗಳಲ್ಲಿ ನುಡಿಸಬೇಕೆಂದರೆ ಯಾವ ಎರಡು ಒಂದಕ್ಕೊಂದು ಅಡ್ಡ ಬರುವುದಿಲ್ಲ, ಯಾವ ಎರಡು ಅಡ್ಡ ಬಂದೇ ಬರುತ್ತವೆ ಎಂಬುದನ್ನು ಒಪ್ಪಿಕೊಳ್ಳುವ ಮೊದಲೇ ನೋಡಿಕೊಳ್ಳುವುದು ಇಲ್ಲಿಯ ಉದ್ದೇಶ. ನಾನು ಕಂಡಂತೆ, ಎರಡು ಕಡೆ ನುಡಿಸಿದ ಮಾತ್ರಕ್ಕೆ ನಮ್ಮ ಕಡೆ ಯಾರೂ ಸಿಟ್ಟಾಗುವುದಿಲ್ಲ. ಒಂದು ತಂಡ ಹಣದ ಕರಾರಿನ ಮೇಲೆ ನಡೆಯುತ್ತದೆ, ಇನ್ನೊಂದು ಸೇವೆಯ ಮೇಲೆ, ಮತ್ತೊಂದು ಓಣಿಯ ಅಭಿಮಾನದ ಮೇಲೆ. ಈ ಮೂರು ಬಗೆಯ ಋಣಗಳನ್ನು ಒಂದೇ ಎಂದು ತಿಳಿದು, ಒಂದು ಕಡೆ ಸಲ್ಲುವ ನೆಪವನ್ನು ಇನ್ನೊಂದು ಕಡೆ ಹೇಳಿದಾಗ ಮನಸ್ತಾಪ ಹುಟ್ಟುತ್ತದೆ. "ಆ ದಿನ ಬೇರೆ ಸುಪಾರಿ ಇದೆ" (ಸುಪಾರಿ ಎಂದರೆ ಹಣಕ್ಕೆ ಒಪ್ಪಿಕೊಂಡ ಕಾರ್ಯಕ್ರಮ) ಎಂಬ ಮಾತನ್ನು ಬ್ಯಾಂಡಿನ ಮಾಲಕರು ವ್ಯವಹಾರವೆಂದು ಒಪ್ಪಿಯಾರು. ಅದೇ ಮಾತನ್ನು ಶ್ರಾವಣ ಸೋಮವಾರದ ದಿನ ಭಜನಾ ಮಂಡಳಿಯ ಹಿರಿಯರ ಮುಂದೆ ಆಡಿದರೆ, ದೇವರ ಮುಂದಿನ ಕೂಟವನ್ನು ಹಣಕ್ಕೆ ಹೋಲಿಸಿದಂತಾಗುತ್ತದೆ.

ಮೊದಲು ಪಂಚಾಂಗ

ಸಂಬಳ, ಹೆಸರು, ಸ್ನೇಹ ಇವೆಲ್ಲಕ್ಕಿಂತ ಮೊದಲು ಹೋಲಿಸಬೇಕಾದದ್ದು ತಂಡಗಳ ವರ್ಷವನ್ನು. ಮದುವೆ ಬ್ಯಾಂಡಿನ ವರ್ಷ ಮುಹೂರ್ತಗಳ ಮೇಲೆ ನಿಂತಿದೆ. ಕಾರ್ತಿಕದ ತುಳಸಿ ಲಗ್ನದ ನಂತರ ಮದುವೆಗಳು ಆರಂಭವಾಗುತ್ತವೆ; ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ನಿಲ್ಲುತ್ತವೆ; ಮತ್ತೆ ಮಾಘದಿಂದ ಹೆಚ್ಚುತ್ತ ಹೋಗಿ ಅಕ್ಷಯ ತೃತೀಯಾದ ಆಸುಪಾಸಿನಲ್ಲಿ ಒಂದೇ ದಿನಕ್ಕೆ ಮೂರು ಮನೆಯವರು ಒಂದೇ ಬ್ಯಾಂಡನ್ನು ಕೇಳುವಷ್ಟಾಗುತ್ತವೆ; ಆಷಾಢ ಬಂದೊಡನೆ ಬ್ಯಾಂಡಿನ ಡ್ರೆಸ್ಸುಗಳು ಟ್ರಂಕು ಸೇರುತ್ತವೆ.

ಭಜನಾ ಮಂಡಳಿಯ ವರ್ಷ ಇದಕ್ಕೆ ಹೆಚ್ಚುಕಡಿಮೆ ತಿರುವುಮುರುವಾಗಿದೆ. ಶ್ರಾವಣವೆಲ್ಲ ಅದಕ್ಕೆ ಬಿಡುವಿಲ್ಲ. ಬಸವನ ಬಾಗೇವಾಡಿಯ ಮೂಲನಂದೀಶ್ವರ ಜಾತ್ರೆಯೂ ಶ್ರಾವಣದಲ್ಲೇ ಬರುತ್ತದೆ. ಪಂಢರಪುರಕ್ಕೆ ದಿಂಡಿಯ, ಅಂದರೆ ಕಾಲ್ನಡಿಗೆಯ ಭಕ್ತರ ತಂಡದ, ಜೊತೆ ನಡೆಯುವ ಮಂಡಳಿಗಳಾದರೆ ಆಷಾಢ ಏಕಾದಶಿ ಮತ್ತು ಕಾರ್ತಿಕ ಏಕಾದಶಿಗಳಿಗೆ ಮುಡಿಪಾಗಿರುತ್ತವೆ. ಕಾರ್ತಿಕ ಏಕಾದಶಿಯ ಮರುದಿನದಿಂದಲೇ ತುಳಸಿ ಲಗ್ನಗಳು ಶುರುವಾಗುವುದರಿಂದ, ದಿಂಡಿ ಊರಿಗೆ ಮರಳುವ ಹೊತ್ತಿಗೆ ಬ್ಯಾಂಡಿನ ತಾಲೀಮು ಎದ್ದಿರುತ್ತದೆ. ಬ್ಯಾಂಡು, ಭಜನೆ ಎರಡೂ ಒಂದಕ್ಕೊಂದು ಅಡ್ಡ ಬರುವುದೆಂದರೆ ಮಹಾಶಿವರಾತ್ರಿಯ ಜಾಗರಣೆ ಮತ್ತು ಬೇಸಿಗೆಯಲ್ಲಿ ಊರೂರಿಗೆ ನಡೆಯುವ ಸಪ್ತಾಹಗಳು.

ಆರ್ಕೆಸ್ಟ್ರಾದ್ದು ಜಾತ್ರೆಯ ವರ್ಷ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮ, ಮಾಘದಲ್ಲೇ ಚಿಂಚಲಿಯ ಮಾಯಕ್ಕ, ಅಲ್ಲಿಂದ ಯುಗಾದಿ ದಾಟಿ ಮಳೆಗಾಲದವರೆಗೆ ಹಳ್ಳಿಗಳ ಓಕಳಿ, ತೇರು. ಈ ದೊಡ್ಡ ಜಾತ್ರೆಗಳ ಸುತ್ತಮುತ್ತಲ ಊರುಗಳಲ್ಲೆಲ್ಲ ಆ ದಿನಗಳಲ್ಲಿ ಕಾರ್ಯಕ್ರಮಗಳಿರುತ್ತವೆ. ಸರ್ಕಾರದ ಉತ್ಸವಗಳಲ್ಲಿ ಕಿತ್ತೂರು ಉತ್ಸವ ಅಕ್ಟೋಬರ್ 23ರಿಂದ ಎಂದು ಗೊತ್ತಿರುತ್ತದೆ; ಚಾಲುಕ್ಯ ಉತ್ಸವ, ನವರಸಪುರ ಉತ್ಸವಗಳ ದಿನಾಂಕಕ್ಕೆ ಖಾತ್ರಿಯಿಲ್ಲ. ಈ ಎರಡನ್ನು ನಂಬಿ ಬೇರೆ ತಂಡಕ್ಕೆ ಮಾತು ಕೊಡಬಾರದು, ಬೇರೆ ತಂಡವನ್ನು ನಂಬಿ ಇವುಗಳಿಗೂ ಕೊಡಬಾರದು.

ಈ ಮೂರು ವರ್ಷಗಳನ್ನು ಒಂದು ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದರೆ ಬ್ಯಾಂಡು ಮತ್ತು ಭಜನೆ ಒಂದೇ ಕೈಯಲ್ಲಿ ಇರಬಲ್ಲವು, ಬ್ಯಾಂಡು ಮತ್ತು ಆರ್ಕೆಸ್ಟ್ರಾ ಮಾಘದಿಂದ ವೈಶಾಖದವರೆಗೆ ಪ್ರತಿ ವಾರವೂ ಗುದ್ದಾಡುತ್ತವೆ ಎಂಬುದು ಕಣ್ಣಿಗೆ ಬೀಳುತ್ತದೆ. "ಮದುವೆ ಹಗಲಿಗೆ, ಆರ್ಕೆಸ್ಟ್ರಾ ರಾತ್ರಿಗೆ, ಎರಡೂ ಮಾಡಬಹುದಲ್ಲ" ಎಂದು ಹೊಸಬರು ಕೇಳುವುದುಂಟು. ಒಂದೇ ಊರಿನಲ್ಲಿ ಆದರೆ ಮಾಡಬಹುದು. ಬೆಳಗಾವಿಯಿಂದ ವಿಜಯಪುರಕ್ಕೆ ಸುಮಾರು 200 ಕಿಲೋಮೀಟರ್. ಅಕ್ಕಿಕಾಳು ಬಿದ್ದು, ಬೀಗರ ಊಟವಾಗಿ, ಬ್ಯಾಂಡಿನವರಿಗೆ ಎಲೆ ಹಾಕುವ ಹೊತ್ತಿಗೆ ಮೂರು ಗಂಟೆ. ಅಲ್ಲಿಂದ ಹೊರಟವನು ರಾತ್ರಿ ಎಂಟಕ್ಕೆ ಮುಟ್ಟಿದರೆ ಪುಣ್ಯ. ಮೊದಲು ರಸಮಂಜರಿ ರಾತ್ರಿ ಹತ್ತಕ್ಕೆ ಆರಂಭವಾಗಿ ಬೆಳಗಿನ ಜಾವದವರೆಗೆ ನಡೆಯುತ್ತಿತ್ತು, ಆದ್ದರಿಂದ ತಡವಾದರೂ ನಡೆಯುತ್ತಿತ್ತು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆಂದು ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಾತ್ರ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಹಾಗಾಗಿ ಪೊಲೀಸರ ಅನುಮತಿ ಪತ್ರವನ್ನು ಗೌರವಿಸುವ ಸಂಘಟಕರು ಏಳಕ್ಕೇ ಪರದೆ ಎತ್ತಿಸುತ್ತಾರೆ. ಒಂದು ದಿನಕ್ಕೆ ಎರಡು ಸುಪಾರಿ ಹಿಡಿಯುವವರ ಹಳೆಯ ಲೆಕ್ಕ ಈಗ ಹೊಂದುವುದಿಲ್ಲ.

ನಿಮ್ಮ ಜಾಗ ಯಾವುದು

ತಾರೀಖಿನ ನಂತರ ನೋಡಬೇಕಾದದ್ದು, ಆ ತಂಡದಲ್ಲಿ ನಿಮ್ಮ ಜಾಗಕ್ಕೆ ಬದಲಿ ಸಿಗುತ್ತದೆಯೇ ಎಂಬುದು. ಜನ ಇದನ್ನು ಯೋಚಿಸುವುದೇ ಇಲ್ಲ, ಆದರೆ ನನ್ನ ಮಟ್ಟಿಗೆ ಜಗಳವನ್ನು ಮೊದಲೇ ತಿಳಿಸುವ ಸೂಚನೆ ಇದಕ್ಕಿಂತ ಇನ್ನೊಂದಿಲ್ಲ.

ಮದುವೆ ಬ್ಯಾಂಡಿನಲ್ಲಿ ಹಿಂದಿನ ಸಾಲಿನ ಡ್ರಮ್ಮಿನವನು ಒಂದು ದಿನ ಬರದಿದ್ದರೆ ಮಾಲಕರು ಬೈದು ಇನ್ನೊಬ್ಬನನ್ನು ತರುತ್ತಾರೆ. ಮುಂದೆ ನಿಂತು ಹಾಡು ಎತ್ತುವ ಕ್ಲಾರಿಯೋನೆಟ್ ಮಾಸ್ತರರು ಬರದಿದ್ದರೆ ಮೆರವಣಿಗೆಯೇ ಕುಂಟುತ್ತದೆ, ಮನೆಯವರು ಒಪ್ಪಿದ ಹಣದಲ್ಲಿ ಮುರಿದುಕೊಳ್ಳುತ್ತಾರೆ, ಆ ನಷ್ಟದ ಲೆಕ್ಕ ಮಾಸ್ತರರ ಹೆಸರಿಗೇ ಬೀಳುತ್ತದೆ. ಆದ್ದರಿಂದ ಎರಡು ತಂಡಗಳಲ್ಲಿ ನುಡಿಸುವ ಆಸೆಯಿದ್ದವರು ಎರಡರಲ್ಲೂ ಮುಂದಾಳಾಗಬಾರದು. ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದಿನ ಸಾಲು. ಈ ಹಂಚಿಕೆಯನ್ನು ಒಪ್ಪಲು ಕೆಲವರಿಗೆ ಮನಸ್ಸು ಬಾರದು, ಆದರೆ ಎರಡೂ ಕಡೆ ಮುಂದಾಳಾಗಿ ನಿಂತವರು ಕಡೆಗೆ ಒಂದು ಕಡೆ ಮಾತು ತಪ್ಪಿಸಲೇಬೇಕಾಗುತ್ತದೆ.

ಆರ್ಕೆಸ್ಟ್ರಾದಲ್ಲಿ ಬದಲಿಯೇ ಕಷ್ಟ. ಗಾಯಕಿಯ ಶ್ರುತಿ, ಹಾಡುಗಳ ಕ್ರಮ, ಎಲ್ಲಿ ನಿಲ್ಲಬೇಕು, ಎಲ್ಲಿ ಜಿಗಿಯಬೇಕು ಎಂಬುದೆಲ್ಲ ಕೀಬೋರ್ಡಿನವನ ತಲೆಯಲ್ಲಿ ಮತ್ತು ಅವನ ಪೆನ್‌ಡ್ರೈವಿನಲ್ಲಿ ಇರುತ್ತದೆ. ರಿದಂ ಪ್ಯಾಡಿನವನದೂ ಹಾಗೆಯೇ. ಇಂಥ ಜಾಗವನ್ನು ಹಿಡಿದವರಿಗೆ ಆರ್ಕೆಸ್ಟ್ರಾವೇ ಮನೆಯ ತಂಡವಾಗಬೇಕು. ಅದನ್ನು ಕೈಖರ್ಚಿನ ಎರಡನೆಯ ತಂಡವೆಂದು ಹಿಡಿಯುವವರು ಸೀಜನ್ನಿನ ನಡುವೆ ತೊಂದರೆಗೆ ಬೀಳುತ್ತಾರೆ. ಆರ್ಕೆಸ್ಟ್ರಾದಲ್ಲಿ ಹಾಡುವ, ನುಡಿಸುವ ಹೆಣ್ಣುಮಕ್ಕಳು ಇದರ ಜೊತೆಗೆ ಮರಳಿ ಬರುವ ಗಾಡಿ ಯಾರದು, ಯಾರ ಜೊತೆ, ಎಷ್ಟು ಹೊತ್ತಿಗೆ ಎಂಬುದನ್ನೂ ಹೋಲಿಕೆಯೊಳಗೆ ಸೇರಿಸಿಕೊಳ್ಳಬೇಕು. ಅದನ್ನು ಮೊದಲೇ ಸ್ಪಷ್ಟಪಡಿಸದ ತಂಡ ಎಷ್ಟು ಹಣ ಕೊಟ್ಟರೂ ಒಲ್ಲೆ ಎನ್ನಬಹುದು.

ಭಜನಾ ಮಂಡಳಿಯ ರೀತಿ ವಿಚಿತ್ರವಾಗಿದೆ. ವಾರದ ಭಜನೆಗೆ ಯಾರು ಬಂದರೂ ನಡೆಯುತ್ತದೆ, ಬರದಿದ್ದರೂ ನಡೆಯುತ್ತದೆ. ಗುಡಿಯ ಕಟ್ಟೆಯ ಮೇಲೆ ಪೇಟಿಯನ್ನು ಎಳೆದುಕೊಂಡು ಕೂಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಆದರೆ ಸ್ಪರ್ಧೆಯ ರಾತ್ರಿ ಯಾರಿಗೂ ಬದಲಿಯಿಲ್ಲ. ನಮ್ಮ ಮೂರೂ ಜಿಲ್ಲೆಗಳಲ್ಲಿ ಜಾತ್ರೆಗಳ ನಿಮಿತ್ತ ಭಜನಾ ಸ್ಪರ್ಧೆಗಳು ರಾತ್ರಿಯಿಡೀ ನಡೆಯುತ್ತವೆ, ಮಂಡಳಿಗಳು ಚೀಟಿ ಎತ್ತಿ ಸರದಿ ಕಾಯುತ್ತವೆ, ಸರದಿ ಬೆಳಗಿನ ನಾಲ್ಕಕ್ಕೆ ಬಂದರೂ ಎದ್ದು ಕೂಡಬೇಕು. ಒಬ್ಬ ಕಲಾವಿದ ಒಂದೇ ಮಂಡಳಿಯಲ್ಲಿ ಕೂಡಬೇಕೆಂಬ ನಿಯಮವನ್ನು ಹಲವು ಕಡೆ ಸಂಘಟಕರು ಮೊದಲೇ ಸಾರುತ್ತಾರೆ. ಆದ್ದರಿಂದ ಎರಡು ಮಂಡಳಿಗಳಿಗೆ ಪೇಟಿ ಮಾಸ್ತರರಾಗಿರುವವರು ಒಂದು ಗೆರೆ ಎಳೆದುಕೊಳ್ಳುವುದು ಒಳ್ಳೆಯದು: ಎಷ್ಟು ಊರಿನವರಿಗೆ ಬೇಕಾದರೂ ಪದ ಕಲಿಸಬಹುದು, ಆದರೆ ಸ್ಪರ್ಧೆಗೆ ಕೂಡುವುದು ಒಂದರಲ್ಲಿ ಮಾತ್ರ. ಆ ಒಂದು ಯಾವುದೆಂದು ಉಳಿದವರಿಗೂ ಯುಗಾದಿಗೆ ಮುನ್ನವೇ ತಿಳಿದಿರಬೇಕು. ಹೀಗೆ ಮಾಡಿದವರನ್ನು ಸೋತ ಮಂಡಳಿಯವರೂ ಮರುವರ್ಷ ಕಲಿಸಲು ಕರೆಯುತ್ತಾರೆ.

ಓಣಿಯ ವಾದ್ಯ, ಗುಡಿಯ ವಾದ್ಯ

ಬೆಳಗಾವಿಯ ಗಣೇಶೋತ್ಸವದ ಝಾಂಜ್ ಪಥಕ, ಢೋಲ್ ತಾಶಾ ಪಥಕಗಳನ್ನು ಬೇರೆ ತಂಡಗಳ ಜೊತೆ ಇಟ್ಟು ನೋಡಿದರೆ ಅವು ಬಹಳ ಸರಳ. ವರ್ಷಕ್ಕೆ ಒಂದೇ ಹಬ್ಬ. ಅದಕ್ಕೆ ಮುಂಚೆ ತಿಂಗಳೊಪ್ಪತ್ತು ಸಂಜೆಯ ತಾಲೀಮು. ಮದುವೆಗಳಿಲ್ಲದ ಭಾದ್ರಪದದಲ್ಲಿ ಬರುವುದರಿಂದ ಹಣ ಕೊಡುವ ಯಾವ ತಂಡಕ್ಕೂ ಇವು ಅಡ್ಡ ಬರುವುದಿಲ್ಲ ಎಂದು ತೋರುತ್ತದೆ. ತೊಡಕು ಇರುವುದು ಎರಡು ಕಡೆ. ಮೊದಲನೆಯದು, ಮದುವೆ ಬ್ಯಾಂಡುಗಳು ಕೂಡ ವಿಸರ್ಜನೆಯ ಮೆರವಣಿಗೆಗೆ ಸುಪಾರಿ ಹಿಡಿಯುತ್ತವೆ, ಆಗ ಅನಂತ ಚತುರ್ದಶಿಯ ಒಂದೇ ರಾತ್ರಿಗೆ ಎರಡೂ ಕಡೆಯಿಂದ ಕರೆ ಬರುತ್ತದೆ. ಎರಡನೆಯದು ಮೈಗೆ ಸಂಬಂಧಿಸಿದ್ದು. ಕಪಿಲೇಶ್ವರ ಹೊಂಡದ ಕಡೆಗೆ ಸಾಗುವ ಮೆರವಣಿಗೆ ರಾತ್ರಿ ಕಳೆದು ಮರುದಿನದವರೆಗೆ ನಡೆಯುತ್ತದೆ. ಸೊಂಟಕ್ಕೆ ಢೋಲು ಕಟ್ಟಿಕೊಂಡು ಅಷ್ಟು ಹೊತ್ತು ನಿಂತವರು ಮರುದಿನ ತಬಲಾದ ಮೇಲೆ ನಯವಾದ ಕೈ ಇಡುತ್ತೇನೆಂದರೆ ನಾನಂತೂ ನಂಬುವುದಿಲ್ಲ. ಪಥಕದಲ್ಲಿ ಕೂಡುವ ತಬಲಾದವರು ಆ ವಾರ ಬೇರೆ ಕಾರ್ಯಕ್ರಮ ಹಿಡಿಯದಿರುವುದು ಮೇಲು.

ಬಾಗಲಕೋಟೆಯ ಹೋಳಿಯ ಹಲಗೆ (ಚರ್ಮವಾದ್ಯ) ಮೇಳಗಳ ಮಾತೇ ಬೇರೆ. ಅಲ್ಲಿ ಮೇಳ ಓಣಿಗೆ ಸೇರಿದ್ದು. ಕಿಲ್ಲಾ, ವೆಂಕಟಪೇಟೆಯಂಥ ಹಳೆಯ ಓಣಿಗಳು ಹೋಳಿಯಲ್ಲಿ ತಮ್ಮ ತಮ್ಮ ಸರದಿಯನ್ನೂ ಗತ್ತನ್ನೂ ಕಾಯ್ದುಕೊಂಡು ಬಂದಿವೆ. ಒಂದು ಓಣಿಯ ಹುಡುಗ ಇನ್ನೊಂದು ಓಣಿಯ ಮೇಳದಲ್ಲಿ ಹಲಗೆ ಹಿಡಿದರೆ, ಅವನು ಹಣಕ್ಕೆ ಹೋದನೋ ಗೆಳೆತನಕ್ಕೆ ಹೋದನೋ ಎಂದು ಯಾರೂ ಕೇಳುವುದಿಲ್ಲ, ತನ್ನ ಓಣಿಯನ್ನು ಬಿಟ್ಟನೆಂದೇ ತಿಳಿಯುತ್ತಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಿ ಮನೆಗಳು ನವನಗರಕ್ಕೆ ಸ್ಥಳಾಂತರವಾದ ಮೇಲೆ ಇದು ಇನ್ನಷ್ಟು ಜಟಿಲವಾಗಿದೆ: ಅಜ್ಜನ ಓಣಿ ಒಂದು, ಈಗ ಇರುವ ಸೆಕ್ಟರ್ ಇನ್ನೊಂದು, ಗೆಳೆಯರ ಮೇಳ ಮೂರನೆಯದು. ಇಲ್ಲಿ ನನ್ನ ಸಲಹೆ ಖಚಿತವಾಗಿದೆ. ಹೋಳಿಗೆ ಒಂದೇ ಮೇಳ, ಅದೂ ಮನೆತನದ ಹಿರಿಯರನ್ನು ಕೇಳಿ. ಎರಡರಲ್ಲಿ ನುಡಿಸುವ ಜಾಣತನ ಇಲ್ಲಿ ನಡೆಯುವುದಿಲ್ಲ.

ಹಲಗೆಯ ವಿಷಯದಲ್ಲಿ ಇನ್ನೊಂದು ಮಾತನ್ನು ಬಿಡುವಂತಿಲ್ಲ. ಹಬ್ಬದ ಹಲಗೆಯನ್ನು ಇಂದು ಎಲ್ಲ ಮನೆಯ ಹುಡುಗರೂ ಹುರುಪಿನಿಂದ ಬಾರಿಸುತ್ತಾರೆ, ಆದರೆ ಸಾವಿಗೆ, ಡಂಗುರಕ್ಕೆ, ಊರ ಕೆಲಸಕ್ಕೆ ಹಲಗೆ ಬಾರಿಸುವುದನ್ನು ತಲೆಮಾರುಗಳಿಂದ ಕೆಲವೇ ಸಮುದಾಯಗಳ ಮೇಲೆ ಹೇರಲಾಗಿತ್ತು. ಆ ಮನೆಗಳಿಂದ ಬಂದ ಒಬ್ಬ ಒಳ್ಳೆಯ ವಾದ್ಯಗಾರ "ನಾನು ರಿದಂ ಪ್ಯಾಡ್ ನುಡಿಸುತ್ತೇನೆ, ಹಲಗೆ ಹಿಡಿಯುವುದಿಲ್ಲ" ಎಂದರೆ ಅದನ್ನು ಸೊಕ್ಕು ಎಂದು ತಿಳಿಯುವ ತಂಡದಲ್ಲಿ ಅವನು ಕೂಡಬಾರದು. ಕೂಡಿಸಿಕೊಂಡವರು ಕಾರಣವನ್ನು ಕೆದಕಬಾರದು.

ಕರಡಿ ಮಜಲು (ಕರಡಿ ವಾದ್ಯದ ಮೇಳ), ಸನಾದಿ (ಊದುವ ವಾದ್ಯ), ಸಂಬಾಳ (ಜೋಡಿ ಚರ್ಮವಾದ್ಯ) ಇವುಗಳದ್ದು ಗುಡಿಗೂ ಮನೆತನಕ್ಕೂ ಕಟ್ಟಿಕೊಂಡ ಜಾಗ. ದೇವರ ಪಲ್ಲಕ್ಕಿಯ ಮುಂದೆ ಯಾವ ಮನೆಯವರು ನಿಲ್ಲಬೇಕೆಂಬುದು ಊರಿಗೆ ಗೊತ್ತಿರುತ್ತದೆ. ಹೊರಗಿನವರು ಅಲ್ಲಿ ಕೂಡುವುದಾದರೆ ಆ ಮನೆಯ ಹಿರಿಯರೇ ಕರೆದಿರಬೇಕು. ಜಾತ್ರಾ ಕಮಿಟಿಯವರು ಕರೆದರೆ ಸಾಲದು, ಏಕೆಂದರೆ ಕಮಿಟಿ ಬದಲಾಗುತ್ತದೆ, ಆ ಮನೆತನ ಅಲ್ಲೇ ಇರುತ್ತದೆ.

ನಾಟಕ ಕಂಪನಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ವಾರಗಟ್ಟಲೆ ಡೇರೆ ಹಾಕುತ್ತವೆ, ದಿನಕ್ಕೆ ಒಂದಕ್ಕಿಂತ ಹೆಚ್ಚು ಪ್ರಯೋಗ ಮಾಡುತ್ತವೆ. ಪೇಟಿಯವರಾಗಲಿ ತಬಲಾದವರಾಗಲಿ ಅದನ್ನು ಹಿಡಿದರೆ ಆ ಅವಧಿಗೆ ಬೇರೆಲ್ಲವನ್ನೂ ಬಿಡಬೇಕು, ಬಿಡಲಾಗದಿದ್ದರೆ ಹಿಡಿಯಬಾರದು. ಕಾಲೇಜು ಹುಡುಗರ ಗಿಟಾರ್ ಬ್ಯಾಂಡುಗಳಿಗೆ ಇದರ ತದ್ವಿರುದ್ಧದ ಗುಣವಿದೆ: ಅಲ್ಲಿ ಪರೀಕ್ಷೆ ಬಂದರೆ ಎಲ್ಲರೂ ಒಟ್ಟಿಗೇ ಬಿಡುತ್ತಾರೆ.

ಯಾವುದರ ಜೊತೆ ಯಾವುದು

ಇಲ್ಲಿಯವರೆಗಿನದನ್ನು ಜೋಡಿಗಳಾಗಿ ನೋಡಿದರೆ, ನನಗೆ ಎಲ್ಲಕ್ಕಿಂತ ನಿಶ್ಚಿಂತೆಯೆನಿಸುವುದು ಮದುವೆ ಬ್ಯಾಂಡು ಮತ್ತು ಸ್ಪರ್ಧೆಗೆ ಹೋಗದ ಭಜನಾ ಮಂಡಳಿಯ ಜೋಡಿ. ಒಂದು ಹೊಟ್ಟೆಗೆ, ಒಂದು ಮನಸ್ಸಿಗೆ ಎಂದು ಹಿರಿಯರು ಹೇಳುತ್ತಿದ್ದದ್ದು ತಾರೀಖಿನ ಲೆಕ್ಕದಲ್ಲೂ ಸರಿಹೋಗುತ್ತದೆ. ಮಂಡಳಿ ಸ್ಪರ್ಧೆಗೆ ಹೋಗುವಂಥದ್ದಾದರೆ, ಯಾವ ಯಾವ ಜಾತ್ರೆಯ ಸ್ಪರ್ಧೆಗೆ ಹೋಗುವುದು ಖಂಡಿತ ಎಂಬುದನ್ನು ಬರೆಸಿಕೊಂಡು ಆ ರಾತ್ರಿಗಳನ್ನು ಬ್ಯಾಂಡಿನ ಮಾಲಕರಿಂದ ಮೊದಲೇ ಬಿಡಿಸಿಕೊಳ್ಳಬೇಕು.

ಆರ್ಕೆಸ್ಟ್ರಾ ಮತ್ತು ಪಥಕ ಕೂಡ ಹೊಂದುತ್ತವೆ, ಗಣೇಶೋತ್ಸವದ ಹತ್ತು ದಿನ ಮಂಡಳಗಳಲ್ಲಿ ಆರ್ಕೆಸ್ಟ್ರಾಕ್ಕೆ ಕರೆ ಬರುತ್ತದೆ ಎಂಬುದೊಂದನ್ನು ಬಿಟ್ಟರೆ. ಆರ್ಕೆಸ್ಟ್ರಾ ಮತ್ತು ಭಜನೆ ಹೊಂದುವುದು ಮಂಡಳಿಯ ಮನೋಧರ್ಮದ ಮೇಲೆ ನಿಂತಿದೆ. ನಿನ್ನೆ ರಾತ್ರಿ ಜಾತ್ರೆಯಲ್ಲಿ ಕುಣಿತದ ಹಾಡಿಗೆ ಕೀಬೋರ್ಡ್ ನುಡಿಸಿದವನು ಇಂದು ತತ್ವಪದಕ್ಕೆ ಪೇಟಿ ಹಿಡಿಯುವುದು ಕೆಲವು ಹಿರಿಯರಿಗೆ ಸರಿಬರುವುದಿಲ್ಲ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೂ ಮಂಡಳಿ ಅವರದು, ಅವರ ಒಪ್ಪಿಗೆಯನ್ನು ಬಾಯಿಬಿಟ್ಟು ಕೇಳಿಯೇ ಕೂಡಬೇಕು.

ಒಂದೇ ಬಗೆಯ ಎರಡು ತಂಡಗಳು, ಅಂದರೆ ಎರಡು ಮದುವೆ ಬ್ಯಾಂಡು ಅಥವಾ ಎರಡು ಆರ್ಕೆಸ್ಟ್ರಾ, ಎಲ್ಲಕ್ಕಿಂತ ಅಪಾಯದ ಜೋಡಿ. ಎರಡೂ ಒಂದೇ ಮುಹೂರ್ತಕ್ಕೆ ಕರೆಯುತ್ತವೆ, ಎರಡೂ ಒಂದೇ ಗಿರಾಕಿಯ ಮನೆ ಬಾಗಿಲಿಗೆ ಹೋಗುತ್ತವೆ. ಎರಡರ ನಡುವೆ ಸಾಕಷ್ಟು ದೂರವಿದ್ದರೆ ಮಾತ್ರ ಇದು ಸಾಧ್ಯ. ಒಂದು ಬಾಗಲಕೋಟೆಯದು, ಇನ್ನೊಂದು ಸುಮಾರು 80 ಕಿಲೋಮೀಟರ್ ಆಚೆಯ ವಿಜಯಪುರದ್ದು ಎಂದಾದರೆ ಗಿರಾಕಿಗಳಾದರೂ ಬೇರೆಯಾಗುತ್ತಾರೆ. ಒಂದೇ ಪೇಟೆಯ ಎರಡು ಬ್ಯಾಂಡುಗಳಲ್ಲಿ ನುಡಿಸಲು ಯಾರಾದರೂ ಕೇಳಿದರೆ ನಾನು ಬೇಡವೆಂದೇ ಹೇಳುತ್ತೇನೆ.

ಸರ್ಕಾರಿ ಉತ್ಸವಗಳಿಗೆ ತಂಡಗಳು ಅರ್ಜಿ ಹಾಕುವಾಗ ಕಲಾವಿದರ ಪಟ್ಟಿಯನ್ನು ಕೊಡುತ್ತವೆ. ಒಂದೇ ಉತ್ಸವಕ್ಕೆ ಎರಡು ತಂಡಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿದರೆ ಎರಡೂ ತಂಡಗಳು ಉತ್ತರ ಹೇಳಬೇಕಾಗುತ್ತದೆ. ಎಷ್ಟೋ ಸಲ ಕಲಾವಿದನಿಗೆ ತಿಳಿಸದೆಯೇ ಹೆಸರು ಬರೆದಿರುತ್ತಾರೆ, ಹಾಗಾಗಿ ಕೇಳಿ ತಿಳಿದುಕೊಳ್ಳುವ ಹೊಣೆ ಕಲಾವಿದನದೇ.

ಶ್ರುತಿಯ ತಕರಾರು

ತಾರೀಖು ಹೊಂದಿದರೂ ಶ್ರುತಿ ಹೊಂದದೆ ಮನಸ್ಸು ಕೆಡುವುದುಂಟು. ಪೇಟಿಯಲ್ಲಿ ಸಫೇದ್ ಒಂದು, ಅಂದರೆ ಮೊದಲ ಬಿಳಿ ಮನೆ, ಸಿ; ಕಾಳಿ ಒಂದು, ಅಂದರೆ ಮೊದಲ ಕಪ್ಪು ಮನೆ, ಸಿ ಶಾರ್ಪ್. ಬ್ಯಾಂಡುಗಳಲ್ಲಿ ನುಡಿಸುವ ಬಿ ಫ್ಲ್ಯಾಟ್ ಕ್ಲಾರಿಯೋನೆಟ್ಟಿನ ಸಿ ಪೇಟಿಯ ಕಾಳಿ ಐದರಲ್ಲಿ ನುಡಿಯುತ್ತದೆ; ಇ ಫ್ಲ್ಯಾಟ್ (E♭) ಸ್ಯಾಕ್ಸೋಫೋನಿನ ಸಿ ಕಾಳಿ ಎರಡರಲ್ಲಿ. ಬ್ಯಾಂಡಿನಲ್ಲಿ ಎಲ್ಲರೂ ತಮ್ಮ ವಾದ್ಯಕ್ಕೆ ಸುಲಭವಾದ ಶ್ರುತಿಯಲ್ಲೇ ಹಾಡು ಕೂಡಿಸಿಕೊಂಡಿರುವುದರಿಂದ ಇದು ತೋರುವುದಿಲ್ಲ. ಅದೇ ಕ್ಲಾರಿಯೋನೆಟ್ಟನ್ನು ಕಾಳಿ ಒಂದರಲ್ಲಿ ಹಾಡುವ ಭಜನಾ ಮಂಡಳಿಗೆ ಒಯ್ದರೆ ಷಡ್ಜವನ್ನು ಇ ಫ್ಲ್ಯಾಟಿನ ಬೆರಳಿನಲ್ಲಿ ಹಿಡಿಯಬೇಕು, ರೂಢಿಯಾದ ತಾನುಗಳೆಲ್ಲ ತೊಡಕುತ್ತವೆ, ಆಗ ಹಿರಿಯ ಗಾಯಕರನ್ನು "ಸ್ವಲ್ಪ ಇಳಿಸಿ ಹಾಡ್ರಿ" ಎಂದು ಕೇಳುವ ಪ್ರಸಂಗ ಬರುತ್ತದೆ. ಕೇಳಬಾರದು. ಹೊಸದಾಗಿ ಕೂಡುವವನೇ ಶ್ರುತಿಗೆ ಹೊಂದಿಕೊಳ್ಳಬೇಕು, ಇಲ್ಲವೇ ಆ ಮಂಡಳಿಯನ್ನು ಬಿಡಬೇಕು.

ತಬಲಾದವರದು ಖರ್ಚಿನ ಪ್ರಶ್ನೆ. ಒಂದು ತಂಡ ಕಾಳಿ ಒಂದರಲ್ಲಿ, ಇನ್ನೊಂದು ಕಾಳಿ ನಾಲ್ಕರಲ್ಲಿ ಹಾಡಿದರೆ ಒಂದೇ ಬಲಗೈ ತಬಲಾವನ್ನು ಅಷ್ಟು ದೂರ ಎಳೆಯಲಾಗುವುದಿಲ್ಲ. ಎರಡನೆಯ ತಬಲಾ ಬೇಕು, ಅದರ ಹಣ ಯಾರದು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಕೀಬೋರ್ಡಿನವರಿಗೆ ಟ್ರಾನ್ಸ್‌ಪೋಸ್ ಗುಂಡಿ ಇರುವುದರಿಂದ ಈ ಚಿಂತೆಯಿಲ್ಲ.

ಸಂಚಕಾರ, ಗಿರಾಕಿ, ಪೆನ್‌ಡ್ರೈವ್

ಅನೇಕ ಬ್ಯಾಂಡ್ ಮಾಲಕರು ಸೀಜನ್ನಿಗೆ ಮುನ್ನ ವಾದ್ಯಗಾರರಿಗೆ ಸಂಚಕಾರ, ಅಂದರೆ ಮುಂಗಡ, ಕೊಟ್ಟು ಮಾತು ತೆಗೆದುಕೊಳ್ಳುತ್ತಾರೆ. ಆಷಾಢದಲ್ಲಿ ಮನೆಯಲ್ಲಿ ಹಣದ ಅಡಚಣೆ ಇರುವಾಗ ಆ ಮುಂಗಡ ಬಹಳ ಆಸರೆ, ಆದರೆ ಅದನ್ನು ತೆಗೆದುಕೊಂಡ ಮೇಲೆ ಎರಡನೆಯ ತಂಡದ ಆಯ್ಕೆ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಎರಡು ತಂಡಗಳನ್ನು ಹೋಲಿಸುವಾಗ ಒಬ್ಬರು ಹೆಚ್ಚು ಮುಂಗಡ ಕೊಡುತ್ತಾರೆಂಬುದನ್ನು ಲಾಭದ ಕಡೆ ಬರೆಯುವವರು, ಎಷ್ಟು ತಾರೀಖುಗಳನ್ನು ಅದಕ್ಕೆ ಒತ್ತೆಯಿಟ್ಟಂತಾಯಿತು ಎಂಬುದನ್ನು ಎದುರಿನ ಕಡೆ ಬರೆಯಬೇಕು. ಇಬ್ಬರು ಮಾಲಕರಿಂದ ಮುಂಗಡ ಪಡೆಯುವುದಂತೂ ಬೇಡವೇ ಬೇಡ. ಜಗಳ ಆಗದಿದ್ದರೂ ಅದು ಮೋಸ.

"ನಮ್ಮನ್ನು ಬಿಟ್ಟ ಮೇಲೆ ಎರಡು ವರ್ಷ ಈ ಜಿಲ್ಲೆಯಲ್ಲಿ ಯಾರ ಹತ್ತಿರವೂ ನುಡಿಸಬಾರದು" ಎಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಆರ್ಕೆಸ್ಟ್ರಾಗಳೂ ಇವೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಒಬ್ಬನನ್ನು ಕಾನೂನುಬದ್ಧವಾದ ವೃತ್ತಿಯಿಂದ ತಡೆಯುವ ಕರಾರು ಅಷ್ಟರ ಮಟ್ಟಿಗೆ ಊರ್ಜಿತವಲ್ಲ. ಕರಾರು ಜಾರಿಯಲ್ಲಿರುವಾಗ ಬೇರೆಡೆ ನುಡಿಸಬಾರದೆಂಬ ಷರತ್ತನ್ನು ಮಾತ್ರ ನ್ಯಾಯಾಲಯಗಳು ಬೇರೆಯಾಗಿಯೇ ನೋಡುತ್ತವೆ. ಆದರೆ ನಮ್ಮ ಊರುಗಳಲ್ಲಿ ಇಂಥ ವಿಷಯಗಳು ಕೋರ್ಟಿಗೆ ಹೋಗುವುದು ಅಪರೂಪ. ಚಹಾದಂಗಡಿಯಲ್ಲಿ ಹಬ್ಬುವ ಮಾತೇ ಮುಂದಿನ ಸುಪಾರಿಯನ್ನು ನಿಲ್ಲಿಸುತ್ತದೆ. ಅಂಥ ಕಾಗದ ಮುಂದಿಟ್ಟ ತಂಡಕ್ಕೆ ಸಹಿ ಹಾಕುವ ಬದಲು ಒಂದು ಸೀಜನ್ನಿನ ಮಟ್ಟಿಗೆ ಮಾತು ಕೊಡುತ್ತೇನೆ ಎನ್ನುವುದು ಜಾಣತನ.

ಗಿರಾಕಿಯ ವಿಷಯದಲ್ಲಿ ನಿಯಮ ಒಂದೇ. ಯಾರ ಡ್ರೆಸ್ಸು ಹಾಕಿಕೊಂಡು ನಿಂತಿದ್ದೀರೋ ಆ ದಿನದ ಗಿರಾಕಿ ಅವರದು. ಮದುವೆಯ ಮನೆಯಲ್ಲಿ ಬೀಗರೊಬ್ಬರು ಬಂದು "ಮುಂದಿನ ತಿಂಗಳು ನಮ್ಮಲ್ಲಿಯೂ ಇದೆ, ನಿಮ್ಮ ನಂಬರ್ ಕೊಡ್ರಿ" ಎಂದರೆ ಮಾಲಕರ ನಂಬರನ್ನೇ ಕೊಡಬೇಕು, ಆ ತಾರೀಖಿಗೆ ನಿಮ್ಮ ಇನ್ನೊಂದು ತಂಡ ಖಾಲಿಯಿದ್ದರೂ ಸಹ. ಮೆರವಣಿಗೆಯಲ್ಲಿ ಸಿಕ್ಕ ಬಕ್ಷೀಸು ಹಂಚುವ ರೀತಿ ತಂಡದಿಂದ ತಂಡಕ್ಕೆ ಬೇರೆ. ಕೆಲವೆಡೆ ಎಲ್ಲ ಕೂಡಿ ಹಂಚುತ್ತಾರೆ, ಕೆಲವೆಡೆ ಯಾರ ಕೈಗೆ ಬಂದರೆ ಅವರದು. ಒಂದು ತಂಡದ ರೀತಿಯನ್ನು ಇನ್ನೊಂದರಲ್ಲಿ ನಡೆಸಲು ಹೋದವರು ಹತ್ತು ರೂಪಾಯಿಗೆ ಹೆಸರು ಕೆಡಿಸಿಕೊಳ್ಳುತ್ತಾರೆ.

ಆರ್ಕೆಸ್ಟ್ರಾದ ಟ್ರ್ಯಾಕು, ಸ್ಟೈಲುಗಳ, ಅಂದರೆ ಮೊದಲೇ ಸಿದ್ಧಮಾಡಿಟ್ಟ ಹಿನ್ನೆಲೆ ಸಂಗೀತದ, ಬಗ್ಗೆ ಹುಡುಗರು ಹಗುರವಾಗಿ ನಡೆದುಕೊಳ್ಳುತ್ತಾರೆ. ಒಂದು ತಂಡದವರು ಹಣ ಕೊಟ್ಟು ಮಾಡಿಸಿಕೊಂಡ ಟ್ರ್ಯಾಕನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬೇರೆ ತಂಡದ ವೇದಿಕೆಯಲ್ಲಿ ನುಡಿಸಿದರೆ, ಅದೇ ಜಾತ್ರೆಯ ಜನ ಮರುದಿನ ಎರಡನ್ನೂ ಕೇಳಿರುತ್ತಾರೆ. ನೀವೇ ಕೂತು ಮಾಡಿದ ಸೆಟ್ಟಿಂಗ್ ನಿಮ್ಮದು, ತಂಡದ ಹಣದಲ್ಲಿ ಮಾಡಿಸಿದ್ದು ತಂಡದ್ದು. ಎರಡು ತಂಡಗಳಿಗೆ ಎರಡು ಪೆನ್‌ಡ್ರೈವ್ ಇಟ್ಟುಕೊಂಡು ಮೇಲೆ ಹೆಸರು ಬರೆದಿಡುವುದು ಸುಲಭದ ದಾರಿ.

ಹೇಳುವುದು, ಬಿಡುವುದು

ಎರಡನೆಯ ತಂಡವನ್ನು ಸೇರುವ ವಿಷಯ ಮೊದಲನೆಯ ತಂಡದ ಹಿರಿಯರಿಗೆ ನಿಮ್ಮ ಬಾಯಿಂದಲೇ ಗೊತ್ತಾಗಬೇಕು. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬೇರೆ ತಂಡದ ಡ್ರೆಸ್ಸಿನ ಫೋಟೋ ನೋಡಿ ತಿಳಿಯುವಂತಾದರೆ ಆಮೇಲೆ ಕೊಡುವ ಯಾವ ವಿವರಣೆಯೂ ನೆಪದಂತೆ ಕೇಳಿಸುತ್ತದೆ. ಬರಲಾಗದ ತಾರೀಖನ್ನು ಹೇಳುವಾಗ ಬದಲಿಯನ್ನೂ ಜೊತೆಗೇ ಹೇಳುವುದು ವಾಡಿಕೆ: "ಕಾಕಾ, ಹದಿನೆಂಟಕ್ಕ ನನಗ ಬರಾಕ ಆಗೂದಿಲ್ರಿ. ನನ್ನ ಬದಲಿ ಒಬ್ಬಾಂವನ್ನ ಕೇಳಿ ಇಟ್ಟೀನ್ರಿ, ನೀವೂ ಒಮ್ಮಿ ಅವನ ಕೈ ನೋಡ್ರಿ." ಹೀಗೆ ಹೇಳಿದಾಗ ಕಾಕಾ ಸಿಟ್ಟಾದರೂ ಆ ಸಿಟ್ಟು ಹದಿನೆಂಟನೆಯ ತಾರೀಖು ಕಳೆದ ಮೇಲೆ ಉಳಿಯುವುದಿಲ್ಲ. ಬದಲಿಗೆ ಕಳುಹಿಸಿದವನ ಪಗಾರದಲ್ಲಿ ನೀವು ಪಾಲು ಇಟ್ಟುಕೊಳ್ಳಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ತಂಡವನ್ನು ಪೂರ್ತಿ ಬಿಡುವುದೇ ಆದರೆ ಬಿಡುವ ಕಾಲವೂ ಪಂಚಾಂಗದಲ್ಲೇ ಇದೆ. ಬ್ಯಾಂಡನ್ನು ಆಷಾಢದಲ್ಲಿ ಬಿಡಬೇಕು. ಆಗ ಮಾಲಕರಿಗೆ ಹೊಸಬನನ್ನು ಹುಡುಕಿ ತಾಲೀಮು ಕೊಡಲು ನಾಲ್ಕು ತಿಂಗಳು ಸಿಗುತ್ತವೆ. ಆರ್ಕೆಸ್ಟ್ರಾವನ್ನು ಮಳೆಗಾಲದಲ್ಲಿ, ಭಜನಾ ಮಂಡಳಿಯನ್ನು ದೀಪಾವಳಿಯ ನಂತರ. ಉಳಿದ ಮುಂಗಡವನ್ನು ಲೆಕ್ಕ ಮಾಡಿ ಕೊಟ್ಟು, ಡ್ರೆಸ್ಸನ್ನು ಒಗೆಸಿ ಇಸ್ತ್ರಿ ಮಾಡಿಸಿ, ಟೊಪ್ಪಿಗೆಯ ಸಮೇತ ಮಾಲಕರ ಮನೆಗೇ ಒಯ್ದು ಮುಟ್ಟಿಸಬೇಕು. ವಾದ್ಯ ತಂಡದ್ದಾಗಿದ್ದರೆ ರೀಡು, ಪ್ಯಾಡು ಸರಿಯಿರುವುದನ್ನು ಅವರ ಎದುರಿನಲ್ಲೇ ನುಡಿಸಿ ತೋರಿಸಿ, ಪೆಟ್ಟಿಗೆಯ ಕೀಲಿಯನ್ನೂ ಕೊಟ್ಟು ಬರಬೇಕು.